ಇಗರ್ಜಿಯವರ (ಚರ್ಚಿನವರ) ಶಾಲೆಗೆ ಎಲ್‌ಕೆಜಿಗೆ ಸೇರಿಸಿದರೆ ಹತ್ತನೆಯ ತರಗತಿಯ ವರೆಗೆ ಕನ್ನಡ ಉಳಿಯುತ್ತದೆಯೇ?

ಪ್ರಶ್ನೆ
ಕೇರಳದ ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ತಿಂಗಳಲ್ಲಿ ಮಗಳನ್ನು ಎಲ್‌ಕೆಜಿಗೆ ಸೇರಿಸಬೇಕಾಗಿದ್ದು, ಎರಡು ಶಾಲೆಗಳ ನಡುವೆ ಯಾವುದೆಂದು ತೀರ್ಮಾನಿಸಲಾಗದೆ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಮನೆಮಾತು ತುಳು. ಓದು, ಬರಹ, ಪತ್ರಿಕೆ, ಯಕ್ಷಗಾನ ಎಲ್ಲವೂ ಕನ್ನಡ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕನ್ನಡ ಮಾಧ್ಯಮದ ಒಂದು ಎಯ್ಡೆಡ್ (ಸರಕಾರದ ನೆರವು ಪಡೆಯುವ) ಹಿರಿಯ ಪ್ರಾಥಮಿಕ (ಯುಪಿ) ಶಾಲೆಯಿದೆ. ನನ್ನ ಯಜಮಾನರು ಕಲಿತದ್ದು ಅಲ್ಲಿಯೇ. ಇನ್ನೊಂದು, ಧರ್ಮಭಗಿನಿಯರು ನಡೆಸುವ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ. ಅಲ್ಲಿ ಎಲ್‌ಕೆಜಿಯಿಂದ ಹತ್ತನೆಯ ತರಗತಿಯ ವರೆಗೆ ಒಂದೇ ಆವರಣದಲ್ಲಿ ಕಲಿಯಬಹುದು, ಬಸ್ಸು ನಮ್ಮ ಗೇಟಿನ ತನಕ ಬರುತ್ತದೆ, ಪಾಠದ ಬಗ್ಗೆಯೂ ಶಿಸ್ತಿನ ಬಗ್ಗೆಯೂ ಊರಿನಲ್ಲಿ ಒಳ್ಳೆಯ ಮಾತಿದೆ. ಯಜಮಾನರು ಮಂಗಳೂರಿನ ಕೆಲಸಕ್ಕೆ ಮುಂಜಾನೆಯ ರೈಲು ಹಿಡಿಯುವುದರಿಂದ ಬಸ್ಸಿನ ಅನುಕೂಲ ನಮಗೆ ಸಣ್ಣ ಸಂಗತಿಯಲ್ಲ. ಹಾಗಾಗಿ ಮನಸ್ಸು ಆ ಕಡೆಗೇ ಹೆಚ್ಚು ವಾಲಿದೆ.

ಆದರೆ ಮಗಳು ಕನ್ನಡ ಓದಲು ಬರೆಯಲು ಬಾರದವಳಾಗಿ ಬೆಳೆಯುವುದನ್ನು ನಾವಿಬ್ಬರೂ ಒಪ್ಪಲಾರೆವು. ಶಾಲೆಯ ಕಚೇರಿಯಲ್ಲಿ ವಿಚಾರಿಸಿದಾಗ, ಕನ್ನಡ ಇದೆ, ಮುಂದಿನ ತರಗತಿಗಳ ಭಾಷೆಯ ವಿಚಾರ ಆಗ ನೋಡೋಣ ಎಂದರು. ಆ ಮಾತಿನಿಂದ ಸಮಾಧಾನವಾಗಲಿಲ್ಲ. ಎರಡನೆಯದಾಗಿ, ಅಲ್ಲಿ ಪ್ರಾರ್ಥನೆ ಮತ್ತು ಧರ್ಮದ ಪಾಠ ಕಡ್ಡಾಯವೇ ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದಾರೆ. ಅವರ ಪ್ರಶ್ನೆಯಲ್ಲಿ ದ್ವೇಷವಿಲ್ಲ, ತಿಳಿಯುವ ಇಚ್ಛೆಯಿದೆ. ಮುಂದೆ ಕರ್ನಾಟಕದಲ್ಲಿ ಓದಿಸಬೇಕೆಂದಾದರೆ ಈಗಿನ ಆಯ್ಕೆಯಿಂದ ತೊಡಕಾಗಬಹುದೇ ಎಂಬುದೂ ತಿಳಿಯಬೇಕು. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ
ಪೆರ್ಲದಿಂದ, ನಿವೃತ್ತ ಮುಖ್ಯೋಪಾಧ್ಯಾಯರು

ತಂಗಿ, ಇಗರ್ಜಿಯವರ ಶಾಲೆ ಎಂದರೆ ಇಂಗ್ಲಿಷ್ ಮಾಧ್ಯಮ ಎಂದೇ ಈಗಿನ ತಂದೆತಾಯಿಗಳು ತಿಳಿಯುತ್ತಾರೆ. ನಮ್ಮ ಸೀಮೆಯ ಚರಿತ್ರೆ ಹಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಕನ್ನಡ ಶಾಲೆಗಳನ್ನು ತೆರೆಯಿತು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಟದ್ದು, 1894ರಲ್ಲಿ ಕಿಟೆಲರ ನಿಘಂಟು ಅಚ್ಚಾದದ್ದು ಅದೇ ಮಿಶನ್ನಿನ ಕೆಲಸದ ಮುಂದುವರಿಕೆಯಾಗಿ. ಕಾಸರಗೋಡು ಪೇಟೆಯ ಬಿಇಎಂ (ಬಾಸೆಲ್ ಇವಾಂಜೆಲಿಕಲ್ ಮಿಶನ್) ಶಾಲೆಯ ಹೆಸರಿನಲ್ಲಿ ಇಂದಿಗೂ ಬಾಸೆಲ್ ಉಳಿದಿದೆ. ಕಥೋಲಿಕರ ಹಳೆಯ ಇಗರ್ಜಿಗಳ ಮಗ್ಗುಲಲ್ಲಿಯೂ ಊರಿನ ಎಲ್ಲ ಜಾತಿಮತಗಳ ಮಕ್ಕಳು ಕನ್ನಡ ಕಲಿತ ಪ್ರಾಥಮಿಕ ಶಾಲೆಗಳಿವೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೆ, 1958ರ ಕೇರಳ ಶಿಕ್ಷಣ ಕಾಯಿದೆಯ ಪ್ರಕಾರ ಇಂಥ ಶಾಲೆಗಳಲ್ಲಿ ಹೆಚ್ಚಿನವು ಎಯ್ಡೆಡ್ ಶಾಲೆಗಳಾಗಿ ನಡೆದುಬಂದವು: ಅಧ್ಯಾಪಕರನ್ನು ಮ್ಯಾನೇಜರರು ನೇಮಿಸುತ್ತಾರೆ, ಸಂಬಳವನ್ನು ಸರಕಾರ ಕೊಡುತ್ತದೆ, ಮಕ್ಕಳಿಂದ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ಎಂಟನೆಯ ತರಗತಿಯ ವರೆಗೆ ಮಧ್ಯಾಹ್ನದ ಊಟವೂ ಇದೆ. ನೀವು ಹೇಳುವ ಶಾಲೆ ಈ ಬಗೆಯದಲ್ಲ. ಅದು ಅನ್‌ಎಯ್ಡೆಡ್, ಅಲ್ಲಿನ ಅಧ್ಯಾಪಕಿಯರ ಸಂಬಳ ಪಾಲಕರು ಕೊಡುವ ಫೀಸಿನಿಂದ ಬರುತ್ತದೆ. ಆದ್ದರಿಂದ ಯಾವ ಭಾಷೆಗೆ ಅಧ್ಯಾಪಕರನ್ನು ಇಡಬೇಕೆಂಬುದು ಪಾಲಕರು ಏನು ಕೇಳುತ್ತಾರೆ ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ಮೊದಲು ಆ ಶಾಲೆ ರಾಜ್ಯ ಪಠ್ಯಕ್ರಮದ್ದೋ ಸಿಬಿಎಸ್‌ಇಯೋ ಎಂದು ಕೇಳಿ. ರಾಜ್ಯ ಪಠ್ಯಕ್ರಮದ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ ಎರಡು ಪತ್ರಿಕೆಗಳಿವೆ. ಇಂಗ್ಲಿಷ್ ಮತ್ತು ಹಿಂದಿ ಬೇರೆ. ಆ ಎರಡು ಪತ್ರಿಕೆಗಳಿಗೂ ಕನ್ನಡವನ್ನು ಆರಿಸಿಕೊಳ್ಳಲು ಅವಕಾಶವಿದೆ, ಕನ್ನಡ ಪಠ್ಯಪುಸ್ತಕಗಳನ್ನು ಸರಕಾರವೇ ಮುದ್ರಿಸುತ್ತದೆ. ಇಂಗ್ಲಿಷ್ ಮಾಧ್ಯಮದ ಮಗುವೂ ಈ ರೀತಿಯಲ್ಲಿ ಹತ್ತನೆಯ ವರೆಗೆ ಕನ್ನಡ ಓದಬಹುದು, ಶಾಲೆಯಲ್ಲಿ ಕಲಿಸುವವರು ಇದ್ದರೆ. ಸಿಬಿಎಸ್‌ಇಯಲ್ಲಿ ಒಂಬತ್ತು, ಹತ್ತನೆಯ ತರಗತಿಗಳಿಗೆ ಎಷ್ಟು ಭಾಷೆಗಳು ಬೇಕೆಂಬುದನ್ನು ಶಾಲೆಯಲ್ಲಿಯೇ ಕೇಳಿ. ಇಂಗ್ಲಿಷಿನ ಜೊತೆಗೆ ಬೇರೆ ಯಾವ ಭಾಷೆ ಎಂಬುದು ಶಾಲೆಯಲ್ಲಿರುವ ಅಧ್ಯಾಪಕರನ್ನು ಹೊಂದಿಕೊಂಡಿದೆ. ಇದಲ್ಲದೆ 2017ರ ಕಾಯಿದೆಯು ಸಿಬಿಎಸ್‌ಇ ಸಹಿತ ರಾಜ್ಯದ ಎಲ್ಲ ಶಾಲೆಗಳಲ್ಲಿ ಹತ್ತನೆಯ ವರೆಗೆ ಮಲಯಾಳವನ್ನು ಕಡ್ಡಾಯಗೊಳಿಸಹೊರಟಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಮಲಯಾಳ ಕಲಿಯುವುದರಲ್ಲಿ ದೋಷವಿಲ್ಲ, ಈ ರಾಜ್ಯದಲ್ಲಿ ಬಾಳುವವರಿಗೆ ಅದು ಬೇಕು. ಆದರೆ ವೇಳಾಪಟ್ಟಿಯಲ್ಲಿರುವ ಪಿರಿಯಡುಗಳು ಎಣಿಕೆಯವು. ಮಲಯಾಳ, ಹಿಂದಿ, ಇಂಗ್ಲಿಷ್ ಮೂರೂ ಕುಳಿತ ಮೇಲೆ ಕನ್ನಡಕ್ಕೆ ಜಾಗ ಉಳಿಯದ ಶಾಲೆಗಳನ್ನು ನಾನು ಕಂಡಿದ್ದೇನೆ.

ಹೀಗಾಗಿ ಕನ್ನಡ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಐದನೆಯ ತರಗತಿಯಲ್ಲಿ ವಾರಕ್ಕೆ ಎಷ್ಟು ಪಿರಿಯಡು, ಎಂಟನೆಯದರಲ್ಲಿ ಎಷ್ಟು, ಕಳೆದ ಸಲ ಹತ್ತನೆಯದರಲ್ಲಿ ಕನ್ನಡ ಪತ್ರಿಕೆ ಬರೆದ ಮಕ್ಕಳು ಇದ್ದರೇ, ಕನ್ನಡ ಅಧ್ಯಾಪಕಿ ಪೂರ್ಣಾವಧಿಯವರೇ ಎಂದು ಕೇಳಬೇಕು. ನರ್ಸರಿಗೆ ಸೇರಿಸುವಾಗ ಹತ್ತನೆಯದರ ಬಗ್ಗೆ ಕೇಳುವುದು ಅತಿಯಾಯಿತೆಂದು ಯಾರೂ ಭಾವಿಸಬಾರದು, ಏಕೆಂದರೆ ಒಮ್ಮೆ ಸೇರಿದ ಮಗು ಗೆಳತಿಯರನ್ನು ಬಿಟ್ಟು ಐದನೆಯ ತರಗತಿಯಲ್ಲಿ ಬೇರೆ ಶಾಲೆಗೆ ಹೋಗಲು ಒಪ್ಪುವುದಿಲ್ಲ.

ಇನ್ನೊಂದು ಮಾತು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ; ಎಯ್ಡೆಡ್ ಶಾಲೆಯ ಡಿವಿಷನ್ನುಗಳೂ ಅಧ್ಯಾಪಕರ ಹುದ್ದೆಗಳೂ ಆ ಲೆಕ್ಕದ ಮೇಲೆ ನಿಲ್ಲುತ್ತವೆ. ಒಂದೆರಡು ಮಕ್ಕಳ ಕೊರತೆಯಿಂದ ಡಿವಿಷನ್ ಬಿದ್ದು ಕನ್ನಡ ಅಧ್ಯಾಪಕರ ಹುದ್ದೆ ಹೋದದ್ದಿದೆ. ನಿಮ್ಮ ಮಗಳ ಹೊಣೆಯನ್ನು ಇಡೀ ಊರಿನ ಹೊಣೆಯಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಆದರೂ ನಡೆದು ಹೋಗುವ ದೂರದ ಆ ಶಾಲೆಯನ್ನು ಒಮ್ಮೆ ಒಳಗೆ ಹೋಗಿ ನೋಡದೆ ಬಿಡಬೇಡಿ.

ಉತ್ತರ
ಕಯ್ಯಾರಿನಿಂದ, ಇಗರ್ಜಿಯ ಪಾಲನಾ ಮಂಡಳಿಯ ಸದಸ್ಯರು

ಮಾಸ್ತರರು ಭಾಷೆಯ ವಿಷಯವನ್ನು ವಿವರಿಸಿದ್ದರಿಂದ ನಾನು ಅತ್ತೆಯವರ ಪ್ರಶ್ನೆಯಿಂದ ಪ್ರಾರಂಭಿಸುತ್ತೇನೆ. ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡವು ಸ್ಪಷ್ಟವಾಗಿದೆ: ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಅಥವಾ ಪೂಜೆಗೆ ಹಾಜರಾಗುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ, ಮಗುವಾದರೆ ಪೋಷಕರ ಒಪ್ಪಿಗೆ ಬೇಕು. ನನಗೆ ಪರಿಚಯವಿರುವ ಶಾಲೆಗಳಲ್ಲಿ ನಾವು ದೊತೊರ್ನ್ ಎಂದು ಕರೆಯುವ ಕ್ರೈಸ್ತ ಶಿಕ್ಷಣ ಕಥೋಲಿಕ ಮಕ್ಕಳಿಗೆ ಮಾತ್ರ, ಅದೇ ಪಿರಿಯಡಿನಲ್ಲಿ ಉಳಿದ ಮಕ್ಕಳಿಗೆ ನೀತಿಪಾಠ. ಬೆಳಗಿನ ಅಸೆಂಬ್ಲಿಯಲ್ಲಿ ಪ್ರಾರ್ಥನಾಗೀತೆ ಇರುತ್ತದೆ, ಗೋಡೆಯ ಮೇಲೆ ಶಿಲುಬೆ ಇರುತ್ತದೆ, ಕ್ರಿಸ್ಮಸ್ಸಿಗೆ ಮಕ್ಕಳು ಗೋದಲಿ ಕಟ್ಟುತ್ತಾರೆ. ಇವುಗಳನ್ನು ಮುಚ್ಚಿಟ್ಟು ನಿಮ್ಮನ್ನು ಸೇರಿಸಿಕೊಳ್ಳುವುದು ನಮಗೂ ಶೋಭೆಯಲ್ಲ, ಆದ್ದರಿಂದ ಅತ್ತೆಯವರನ್ನೂ ಕರೆದುಕೊಂಡು ಹೋಗಿ ಶಾಲೆಯನ್ನು ತೋರಿಸಿ, ಮುಖ್ಯ ಸಿಸ್ಟರರನ್ನೇ ನೇರವಾಗಿ ಕೇಳಲಿ.

ಇನ್ನು ಯಾವ ಸಭೆಯವರ (ಕ್ರೈಸ್ತ ಪಂಗಡದವರ) ಶಾಲೆ ಎಂಬುದನ್ನು ನೀವು ತಿಳಿದುಕೊಳ್ಳಬೇಕು, ಏಕೆಂದರೆ ಭಾಷೆಯ ಪ್ರಶ್ನೆಗೆ ಅದರಿಂದ ವ್ಯತ್ಯಾಸವಾಗುತ್ತದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ನಮ್ಮ ಇಗರ್ಜಿಗಳು ರಾಜ್ಯದ ಗಡಿ ದಾಟಿ ಮಂಗಳೂರು ಧರ್ಮಪ್ರಾಂತ್ಯಕ್ಕೆ (ಬಿಷಪರ ಆಡಳಿತದ ಪ್ರದೇಶಕ್ಕೆ) ಸೇರಿವೆ. ನಮ್ಮ ಕಡೆಯ ಶಾಲೆಗಳಲ್ಲಿ ಸೇವೆ ಮಾಡುವ ಧರ್ಮಭಗಿನಿಯರ ಸಂಸ್ಥೆಗಳು ಹಲವು ಮಂಗಳೂರಿನಲ್ಲಿಯೇ ಹುಟ್ಟಿದವು. 1887ರಲ್ಲಿ ಸ್ಥಾಪನೆಯಾದ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಸ್ಥೆ ಮತ್ತು 1921ರ ಬೆಥನಿ ಸಂಸ್ಥೆಯ ಹೆಸರು ನೀವು ಕೇಳಿರಬಹುದು. ಜಿಲ್ಲೆಯ ಪೂರ್ವದ ಗುಡ್ಡಗಾಡಿನ ವೆಳ್ಳರಿಕುಂಡು ಕಡೆಯ ಸಿರೋ ಮಲಬಾರ್ ಸಭೆಯವರು ತಲಶ್ಶೇರಿ ಧರ್ಮಪ್ರಾಂತ್ಯದವರು. ಅವರ ಮನೆಮಾತೂ ಪೂಜೆಯ ಭಾಷೆಯೂ ಮಲಯಾಳ, ಆದ್ದರಿಂದ ಅವರ ಶಾಲೆಗಳಲ್ಲಿ ಮಲಯಾಳಕ್ಕೆ ಆದ್ಯತೆ ಇರುವುದು ಸಹಜ.

ನಮ್ಮ ಸ್ಥಿತಿ ಬೇರೆ. ನಾವು ಮನೆಯಲ್ಲಿ ಆಡುವುದು ಕೊಂಕಣಿ, ಬರೆಯುವುದು ಕನ್ನಡ ಲಿಪಿಯಲ್ಲಿ. ನಮ್ಮ ಪ್ರಾರ್ಥನೆಯ ಪುಸ್ತಕ, ಗಾಯನದ ಪುಸ್ತಕ, 1938ರಿಂದ ಮಂಗಳೂರಿನಲ್ಲಿ ಪ್ರಕಟವಾಗುತ್ತಿರುವ ರಾಕ್ಣೊ ವಾರಪತ್ರಿಕೆ, ಎಲ್ಲವೂ ಕನ್ನಡ ಅಕ್ಷರಗಳಲ್ಲಿವೆ. ಶಾಲೆಯಲ್ಲಿ ಕನ್ನಡ ನಿಂತರೆ ನಮ್ಮ ಮಕ್ಕಳಿಗೆ ಇಗರ್ಜಿಯಲ್ಲಿ ಓದುವ ಪಾಠವನ್ನು ಓದಲಾಗುವುದಿಲ್ಲ. ಈಗಾಗಲೇ ಕೆಲವು ಮಕ್ಕಳು ಕೊಂಕಣಿ ಹಾಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುವುದನ್ನು ನೋಡಿ ನನಗೆ ನೋವಾಗಿದೆ. ಆದ್ದರಿಂದ ಕನ್ನಡ ಬೇಕೆಂದು ನೀವು ಕೇಳುವಾಗ ಇತರ ಧರ್ಮದವರು ಬಂದು ಇಗರ್ಜಿಯವರಲ್ಲಿ ದಾಕ್ಷಿಣ್ಯ ಬೇಡುತ್ತಿರುವಂತೆ ಎಣಿಸಬೇಡಿ. ನಮ್ಮ ಕುಟುಂಬಗಳಿಗೂ ಅದು ಅಷ್ಟೇ ಬೇಕಾಗಿದೆ, ನಿಮ್ಮ ಜೊತೆಗೆ ಅರ್ಜಿಗೆ ಸಹಿ ಹಾಕಲು ನಮ್ಮವರೂ ಬರುತ್ತಾರೆ.

ಉತ್ತರ
ಬದಿಯಡ್ಕದಿಂದ, ಇಬ್ಬರು ಮಕ್ಕಳ ತಂದೆ

ಮಾಸ್ತರರ ಮೇಲೆ ಗೌರವವಿದ್ದರೂ ಒಂದು ಅಂಶದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಎಯ್ಡೆಡ್ ಅಥವಾ ಸರಕಾರಿ ಶಾಲೆಯ ಹಲಗೆಯ ಮೇಲೆ ಕನ್ನಡ ಮಾಧ್ಯಮ ಎಂದು ಬರೆದಿದ್ದರೆ ಕನ್ನಡ ಭದ್ರವಾಯಿತೆಂದು ಭಾವಿಸುವಂತಿಲ್ಲ. ನನ್ನ ದೊಡ್ಡ ಮಗ ಓದಿದ ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಗೆ ಗಣಿತ ಕಲಿಸಲು ಕನ್ನಡವೇ ಬಾರದ ಅಧ್ಯಾಪಕರು ನೇಮಕವಾಗಿ ಬಂದರು. ಮಕ್ಕಳು ಪ್ರಶ್ನೆ ಕೇಳಲು ಹಿಂಜರಿದು ಕುಳಿತರು, ನಾವು ಪಾಲಕರು ಕಚೇರಿಯಿಂದ ಕಚೇರಿಗೆ ಮನವಿ ಹಿಡಿದು ಅಲೆದೆವು. ಮೊದಲ ಹಂತದ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯುವ ಅನುಕೂಲವನ್ನು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಪ್ರೌಢಶಾಲೆಗೆ ಬಂದಾಗ ಆ ಆಸರೆಯೂ ತೆಳುವಾಗುತ್ತದೆ. ಚಿಕ್ಕವಳನ್ನು ಧರ್ಮಭಗಿನಿಯರ ಶಾಲೆಗೆ ಸೇರಿಸಿದೆವು. ಅಲ್ಲಿ ಕನ್ನಡ ವಾರಕ್ಕೆ ಕೆಲವೇ ಪಿರಿಯಡುಗಳಾದರೂ ಕಲಿಸುವ ಟೀಚರು ನಿಷ್ಠೆಯವರು, ಕಾಗುಣಿತದ ಒಂದು ತಪ್ಪನ್ನೂ ಬಿಡುವುದಿಲ್ಲ. ಮಾಧ್ಯಮ ಮುಖ್ಯ, ಆದರೆ ಕಲಿಸುವ ವ್ಯಕ್ತಿ ಅದಕ್ಕಿಂತಲೂ ಮುಖ್ಯವೆಂದು ಎರಡೂ ಬಗೆಯ ಶಾಲೆಗಳನ್ನು ಕಂಡ ನನಗೆ ಅನಿಸುತ್ತದೆ.

ಖರ್ಚಿನ ಬಗ್ಗೆ ಹೇಳುವುದಾದರೆ, ಬೋಧನಾ ಶುಲ್ಕವನ್ನು ಮಾತ್ರ ಕೇಳಿ ಲೆಕ್ಕ ಹಾಕಬೇಡಿ. ಬಸ್ಸು, ಪುಸ್ತಕ, ಸಮವಸ್ತ್ರ, ವಾರ್ಷಿಕ ಶುಲ್ಕ ಇವೆಲ್ಲವನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಶಿಕ್ಷಣ ಹಕ್ಕು ಕಾಯಿದೆಯ ಶೇಕಡಾ 25ರ ಉಚಿತ ಸೀಟಿನ ನಿಯಮ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ನೀಡಿದೆ, ಆದ್ದರಿಂದ ಆ ನಿರೀಕ್ಷೆ ಬೇಡ. ಕಷ್ಟದಲ್ಲಿರುವ ಮನೆಯ ಮಕ್ಕಳಿಗೆ ಸಿಸ್ಟರರು ತಾವಾಗಿಯೇ ಫೀಸು ಇಳಿಸಿದ್ದನ್ನು ನಾನು ಬಲ್ಲೆ, ಆದರೆ ಅದು ಅವರ ಔದಾರ್ಯ.

ಎಲ್‌ಕೆಜಿಯಲ್ಲಿ ಏನು ಕಲಿಸುತ್ತಾರೆಂಬುದನ್ನೂ ಗಮನಿಸಿ. ತುಳು ಮಾತ್ರ ಕೇಳಿ ಬೆಳೆದ ಮಗುವಿಗೆ ತರಗತಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಕೇಳಿಸಿದರೆ ಮೊದಲ ಕೆಲವು ತಿಂಗಳು ಅದು ಮೌನವಾಗಿಬಿಡುತ್ತದೆ. ಮಗುವಿಗೆ ನೀರು ಬೇಕು, ಹೊರಗೆ ಹೋಗಬೇಕು ಎಂಬುದನ್ನು ತುಳುವಿನಲ್ಲಿಯೋ ಕನ್ನಡದಲ್ಲಿಯೋ ಹೇಳಿದರೆ ಗದರಿಸದ ಟೀಚರು, ಆಯಾ ಇದ್ದಾರೆಯೇ ಎಂಬುದನ್ನು ಒಂದು ಬೆಳಿಗ್ಗೆ ಅಲ್ಲಿ ಕುಳಿತು ನೋಡಿ ಬನ್ನಿ. ನನ್ನ ಅಭಿಪ್ರಾಯದಲ್ಲಿ ನರ್ಸರಿಯ ಮಟ್ಟಿಗೆ ಇದು ಉಳಿದೆಲ್ಲಕ್ಕಿಂತ ದೊಡ್ಡ ವಿಷಯ.

ಉತ್ತರ
ಮಂಜೇಶ್ವರದಿಂದ, ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿನಿ

ಅಕ್ಕ, ನಿಮ್ಮ ಕೊನೆಯ ಪ್ರಶ್ನೆಗೆ ನನಗೆ ತಿಳಿದಷ್ಟು ಬರೆಯುತ್ತೇನೆ. ನಾನು ನರ್ಸರಿಯಿಂದ ಹತ್ತನೆಯ ವರೆಗೆ ಸಿಸ್ಟರರ ಶಾಲೆಯಲ್ಲಿಯೇ ಕಲಿತವಳು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರು ಎಂಬ ಒಂದು ಅರ್ಹತೆಯ ಖಂಡವಿದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿದ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಾಗಿ, ಒಂದರಿಂದ ಹನ್ನೆರಡನೆಯ ತರಗತಿಯ ನಡುವೆ ಕನಿಷ್ಠ 7 ವರ್ಷ ಅಲ್ಲಿಯೇ ಓದಿದವರು ಈ ಖಂಡದಡಿ ಅರ್ಜಿ ಹಾಕಬಹುದು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಮುಂತಾದ ತಾಲೂಕುಗಳಿಗೂ ಇದೇ ಸೌಲಭ್ಯವಿದೆ. ಹೀಗೆ ಅರ್ಜಿ ಹಾಕಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆ ಕಠಿಣವಾದುದಲ್ಲ, ಆದರೆ ಅಕ್ಷರ ಬಿಟ್ಟುಹೋದವರಿಗೆ ಅದೂ ಕಷ್ಟ. ನನ್ನ ಜೊತೆಗೆ ಪರೀಕ್ಷೆಗೆ ಸಿದ್ಧತೆ ಮಾಡಿದ ಕೆಲವರು ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವವರು. ಒತ್ತಕ್ಷರಗಳನ್ನು ಆ ವಯಸ್ಸಿನಲ್ಲಿ ಮೊದಲಿನಿಂದ ಕಲಿಯಬೇಕಾಯಿತು.

ಇಲ್ಲಿಯೇ ಉಳಿದು ಕೆಲಸಕ್ಕೆ ಸೇರಬೇಕೆಂದರೂ ಕನ್ನಡ ಉಪಯೋಗಕ್ಕೆ ಬರುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದು ಕೇರಳ ಪಿಎಸ್‌ಸಿ ಕ್ಲರ್ಕ್ ಹುದ್ದೆಗಳನ್ನು ಪ್ರತ್ಯೇಕವಾಗಿ ಕರೆಯುತ್ತದೆ, ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳೂ ಇವೆ. ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯ ಬಳಿಕ ಕನ್ನಡ ಆರಿಸಿಕೊಂಡವರು ಬೆರಳೆಣಿಕೆಯಷ್ಟೇ ಇದ್ದೆವು. ನಮ್ಮನ್ನು ಗ್ರಂಥಾಲಯದ ಮೂಲೆಯಲ್ಲಿ ಕುಳ್ಳಿರಿಸಿ ಪಾಠ ಹೇಳುತ್ತಿದ್ದರು. ತರಗತಿಕೋಣೆ ಸಿಗದಿದ್ದರೂ ಪಾಠ ಸಿಕ್ಕಿತು, ಅದಕ್ಕಾಗಿ ಆ ಸಿಸ್ಟರಿಗೆ ನಾನು ಋಣಿ.

ಪ್ರಶ್ನೆ ಕೇಳಿದವರು
ಸೀತಾಂಗೋಳಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಮಾಸ್ತರರು ಬರೆದ ಪ್ರಶ್ನೆಗಳನ್ನೇ ಹಿಡಿದುಕೊಂಡು, ಅತ್ತೆಯವರನ್ನೂ ಕರೆದುಕೊಂಡು ಶಾಲೆಗೆ ಹೋಗಿದ್ದೆವು. ಶಾಲೆ ರಾಜ್ಯ ಪಠ್ಯಕ್ರಮದ್ದು. ಏಳನೆಯ ತರಗತಿಯ ವರೆಗೆ ಕನ್ನಡವನ್ನು ಪೂರ್ಣಾವಧಿಯ ಟೀಚರು ಕಲಿಸುತ್ತಾರೆ. ಎಂಟನೆಯದರಿಂದ ಮುಂದೆ ಕೇಳುವವರು ಕಡಿಮೆಯಾದದ್ದರಿಂದ ಈಗ ನಿಂತಿದೆಯೆಂದು ಮುಖ್ಯ ಸಿಸ್ಟರರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಸಾಕಷ್ಟು ಪಾಲಕರು ಬರಹದಲ್ಲಿ ಕೇಳಿದರೆ ಆಡಳಿತ ಮಂಡಳಿಯ ಮುಂದೆ ಇಡುತ್ತೇನೆ ಎಂದಿದ್ದಾರೆ. ಧರ್ಮದ ಪಾಠದ ವಿಷಯದಲ್ಲಿ ಕಯ್ಯಾರಿನವರು ಹೇಳಿದಂತೆಯೇ ಇದೆ. ಅತ್ತೆಯವರು ಸಿಸ್ಟರರೊಂದಿಗೆ ಬಹಳ ಹೊತ್ತು ಮಾತಾಡಿ ಸಮಾಧಾನಗೊಂಡಿದ್ದಾರೆ. ಎಯ್ಡೆಡ್ ಶಾಲೆಗೂ ಹೋಗಿ ನೋಡಿದೆವು. ಒಂದನೆಯ ತರಗತಿಯ ಟೀಚರು ನಮಗೆ ತುಂಬ ಇಷ್ಟವಾದರು, ಹಾಗಾಗಿ ತೀರ್ಮಾನ ಇನ್ನೂ ಕಷ್ಟವಾಗಿದೆ. ಎಲ್‌ಕೆಜಿ, ಯುಕೆಜಿ ಸಿಸ್ಟರರಲ್ಲಿ ಓದಿಸಿ ಒಂದನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೆ ತರಬಹುದೇ ಎಂದೂ ಯೋಚಿಸುತ್ತಿದ್ದೇವೆ. ಯಾವುದೇ ಆದರೂ ಎಂಟನೆಯ ತರಗತಿಯ ಕನ್ನಡಕ್ಕಾಗಿ ಅರ್ಜಿಯನ್ನು ನಾವು ಕೊಡುವವರೇ. ಅದನ್ನು ಹೇಗೆ ಬರೆಯಬೇಕು?

ಉತ್ತರ
ಪೆರ್ಲದಿಂದ, ನಿವೃತ್ತ ಮುಖ್ಯೋಪಾಧ್ಯಾಯರು

ಎಲ್‌ಕೆಜಿಗೆ ಅಲ್ಲಿ ಸೇರಿಸಿ ಒಂದನೆಯದಕ್ಕೆ ಇಲ್ಲಿಗೆ ತರುವುದರಲ್ಲಿ ತೊಡಕಿಲ್ಲ. ಆ ವಯಸ್ಸಿನ ಬದಲಾವಣೆಯನ್ನು ಮಗು ಬೇಗ ಮರೆಯುತ್ತದೆ. ಒಂದನೆಯ ತರಗತಿಯ ಪ್ರವೇಶದ ವಯಸ್ಸಿನ ವಿಚಾರದಲ್ಲಿ ಕೇರಳಕ್ಕೂ ಕರ್ನಾಟಕಕ್ಕೂ ವ್ಯತ್ಯಾಸ ಇರಬಹುದಾದ್ದರಿಂದ, ನಡುವೆ ಗಡಿಯಾಚೆಗೆ ಸೇರಿಸುವ ಯೋಚನೆಯಿದ್ದರೆ ಜನನ ದಿನಾಂಕವನ್ನು ಮೊದಲೇ ಅಲ್ಲಿ ವಿಚಾರಿಸಿಕೊಳ್ಳಿ.

ಅರ್ಜಿಯನ್ನು ಶಾಲೆಯ ಮ್ಯಾನೇಜರರ ಹೆಸರಿಗೆ ಬರೆದು, ಪ್ರತಿಯನ್ನು ಮುಖ್ಯೋಪಾಧ್ಯಾಯಿನಿಯವರಿಗೂ ಪಾಲಕ ಅಧ್ಯಾಪಕ ಸಂಘಕ್ಕೂ ಕೊಡಿ. ಕನ್ನಡ ಉಳಿಸಿ ಎಂದಷ್ಟೇ ಬರೆದರೆ ಅದು ಭಾಷಣವಾಗುತ್ತದೆ. ಎಂಟನೆಯ ತರಗತಿಯಿಂದ ಪ್ರಥಮ ಭಾಷೆಯ ಎರಡು ಪತ್ರಿಕೆಗಳಿಗೂ ಕನ್ನಡವನ್ನು ಆರಿಸಿಕೊಳ್ಳುವ ಅವಕಾಶ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಈಗ ಐದು, ಆರು, ಏಳನೆಯ ತರಗತಿಗಳಲ್ಲಿರುವ ಮಕ್ಕಳ ಪಾಲಕರ ಸಹಿಯನ್ನು ಮೊದಲು ಹಾಕಿಸಿ, ಯಾವ ಮಗು ಯಾವ ವರ್ಷ ಎಂಟಕ್ಕೆ ಬರುತ್ತದೆ ಎಂಬುದನ್ನು ಸಹಿಯ ಎದುರಿಗೆ ತೋರಿಸಿ; ಒಬ್ಬ ಅಧ್ಯಾಪಕಿಯನ್ನು ಇಡಲು ಆಡಳಿತದವರಿಗೆ ಆ ಪಟ್ಟಿಯೇ ಆಧಾರವಾಗುತ್ತದೆ. ಮುಂದಿನ ವರ್ಷದ ಪಠ್ಯಪುಸ್ತಕಗಳ ಇಂಡೆಂಟ್ (ಬೇಡಿಕೆಯ ಪಟ್ಟಿ) ಕಳುಹಿಸುವ ಮೊದಲೇ ಅರ್ಜಿ ಅವರ ಕೈ ಸೇರಬೇಕು, ಆಮೇಲೆ ಕೊಟ್ಟರೆ ಇನ್ನೊಂದು ವರ್ಷ ಹೋದಂತೆ. ಕಯ್ಯಾರಿನವರು ತಮ್ಮ ಕುಟುಂಬಗಳ ಸಹಿಯನ್ನೂ ಇದೇ ಪಟ್ಟಿಯಲ್ಲಿ ಸೇರಿಸಲಿ, ಬೇರೆ ಪಟ್ಟಿ ಬೇಡ. ಕರಡು ಸಿದ್ಧವಾದಾಗ ಇಲ್ಲಿ ಹಾಕಿ, ತಿದ್ದಿ ಕೊಡುತ್ತೇನೆ.